ಕುರಿ ಮಂದೆ ಹಾಕಿಸಿದ ಮೈದಾನ

ನಮ್ಮ ಫುಟ್‌ಬಾಲ್ ಕ್ಲಬ್ಬು ಹುಟ್ಟಿದ್ದು ವಾಲಿಬಾಲ್ ನೆಟ್ಟು ಕಳುವಾದದ್ದರಿಂದ. ಮಧುಗಿರಿ ತಾಲೂಕಿನ ಬಡವನಹಳ್ಳಿಯ ಸಂತೆ ಮಾಳದಲ್ಲಿ ಸಂಜೆ ಹೊತ್ತು ನಾವು ಒಂದಷ್ಟು ಜನ ವಾಲಿಬಾಲ್ ಆಡುತ್ತಿದ್ದೆವು. ಒಂದು ದಿನ ಹೋಗಿ ನೋಡಿದರೆ ಎರಡು ಕಂಬಗಳಿವೆ, ನಡುವೆ ನೆಟ್ಟಿಲ್ಲ. ಯಾರೋ ಪುಣ್ಯಾತ್ಮರು ಕೋಳಿ ಗೂಡಿಗೆ ಹೊದಿಸಲು ಬಿಚ್ಚಿಕೊಂಡು ಹೋಗಿದ್ದರು. ಆಡುವ ಹಾಗಿಲ್ಲ, ಅಷ್ಟು ಬೇಗ ಮನೆಗೆ ಹೋಗಲೂ ಮನಸ್ಸಿಲ್ಲ. ನಮ್ಮಲ್ಲೊಬ್ಬ ಸಿಟ್ಟು ತಡೆಯಲಾರದೆ ಚೆಂಡನ್ನು ಜಾಡಿಸಿ ಒದ್ದ. ಅದು ಕಂಬಗಳ ನಡುವೆ ತೂರಿ ಹೋಯಿತು. ಇನ್ನೊಬ್ಬ ‘ಗೋಲ್’ ಎಂದು ಕೂಗಿದ. ಸ್ಥಾಪನೆ ಆಗಿಹೋಯಿತು.

ಈಗ ನಮ್ಮ ಕ್ಲಬ್ಬಿನವರು ಇದನ್ನು ಹೊರಗೆ ಹೇಳುವುದಿಲ್ಲ. ಪತ್ರಿಕೆಯವರು ಕೇಳಿದರೆ ‘ಗ್ರಾಮೀಣ ಪ್ರತಿಭೆಗಳನ್ನು ಬೆಳಕಿಗೆ ತರುವ ಉದ್ದೇಶದಿಂದ’ ಎಂದು ಶುರು ಮಾಡುತ್ತಾರೆ. ನಾನು ಅಲ್ಲೇ ಇದ್ದೆ. ಉದ್ದೇಶ ಗಿದ್ದೇಶ ಏನೂ ಇರಲಿಲ್ಲ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಆ ಚೆಂಡು ಹಾದುಹೋದದ್ದು ನನ್ನ ಕಿವಿಯ ಪಕ್ಕದಲ್ಲೇ. ಒಂದು ಕಂಬಕ್ಕೆ ಒರಗಿಕೊಂಡು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದೆ. ಹಾಗಾಗಿ ಗೋಲ್‌ಕೀಪರ್ ನಾನೇ ಎಂದು ಎಲ್ಲರೂ ತೀರ್ಮಾನಿಸಿದರು. ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು, ಕೂತು ಮಾಡುವ ಕೆಲಸ. ಸಂಜೆ ಸ್ವಲ್ಪ ನಿಂತರೆ ಸೊಂಟಕ್ಕೂ ಒಳ್ಳೆಯದು ಎಂದು ನಾನೂ ಒಪ್ಪಿಕೊಂಡೆ.

ಮುಂದೆ ತಂಡ ಬೆಳೆಯಿತು. ಶಿರಾದಿಂದ ಒಬ್ಬ ಬಂದ, ಹೈವೇ ಪಕ್ಕ ಪಂಕ್ಚರ್ ಅಂಗಡಿ ಇಟ್ಟವನು. ಅವನ ಒದೆ ಎಂಥದ್ದೆಂದರೆ ಚೆಂಡು ಹಿಡಿದರೆ ಅಂಗೈ ರಾತ್ರಿ ಮಲಗುವವರೆಗೂ ಜುಮ್ಮೆನ್ನುತ್ತಿತ್ತು. ಪಾವಗಡದ ತಿರುಮಣಿಯಿಂದ ನನ್ನ ಭಾಮೈದ ಬಂದ. ಅವನನ್ನು ನನ್ನ ಮುಂದೆಯೇ ಡಿಫೆಂಡರ್ ಆಗಿ ನಿಲ್ಲಿಸಿದೆವು. ಕೊರಟಗೆರೆಯಿಂದ ನಾಲ್ಕೈದು ಹುಡುಗರು ಬಂದರು. ಮಧುಗಿರಿಯಿಂದ ಅಧ್ಯಕ್ಷರು ಬಂದರು. ಅವರದು ಕಡಲೆಕಾಯಿ ಎಣ್ಣೆ ಮಿಲ್ಲು, ಹಣೆಗೆ ಮೂರು ಬೆರಳಗಲ ವಿಭೂತಿ, ಫುಟ್‌ಬಾಲ್ ಬಗ್ಗೆ ಗೊತ್ತಿದ್ದದ್ದು ಸೊನ್ನೆ. ಆದರೆ ಮೊದಲ ಮ್ಯಾಚಿಗೇ ಬಂದು ಚೆಂಡಿಗೆ ಅರಿಸಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಮಿಲ್ಲಿನಿಂದ ತಂದ ಎಣ್ಣೆಯಲ್ಲಿ ದೀಪ ಹಚ್ಚಿ, ಅದೇ ಎಣ್ಣೆ ಕೈಯಲ್ಲಿ ಚೆಂಡನ್ನು ಎತ್ತಿ ನನಗೆ ಕೊಟ್ಟರು. ಆ ಮ್ಯಾಚಿನಲ್ಲಿ ನನ್ನ ಕೈಯಿಂದ ಜಾರಿದ ಚೆಂಡುಗಳಿಗೆ ನಾನು ಹೊಣೆಗಾರನಲ್ಲ.

ಹೆಸರಿನ ಜಗಳ ಬೇರೆ. ನಾಲ್ಕು ತಾಲೂಕಿನವರೂ ತಮ್ಮ ತಾಲೂಕಿನ ಹೆಸರು ಮೊದಲು ಬರಬೇಕೆಂದು ಹಟ ಹಿಡಿದರು. ಕೊನೆಗೆ ನಾಲ್ಕೂ ಹೆಸರು ಇರಲಿ, ಮ್ಯಾಚು ಯಾವ ತಾಲೂಕಿನಲ್ಲೋ ಆ ತಾಲೂಕಿನ ಹೆಸರು ಮೊದಲು ಎಂದು ರಾಜಿಯಾಯಿತು. ಇದರಿಂದ ನಾಲ್ಕು ಥರದ ಜರ್ಸಿ ಮಾಡಿಸಬೇಕಾಯಿತು. ಯಾರು ಯಾವುದನ್ನು ತೊಟ್ಟು ಬರುತ್ತಾರೋ ದೇವರೇ ಬಲ್ಲ. ಮೈಕಿನಲ್ಲಿ ಹೇಳುವವನು ನಮ್ಮ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದಿರುತ್ತಿದ್ದರು.

ಆದರೂ ಗೆಲ್ಲತೊಡಗಿದೆವು. ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಗೆದ್ದವರಿಗೆ ಕಪ್ಪಿನ ಜೊತೆ ಒಂದು ಟಗರು ಕೊಡುತ್ತಾರೆ. ಬೇರೆ ತಂಡಗಳು ಅದನ್ನು ಅವತ್ತೇ ತೀರಿಸಿಬಿಡುತ್ತವೆ. ನಮ್ಮ ಅಧ್ಯಕ್ಷರು ಮಾತ್ರ ಬಾಯಿಗೆ ಬಟ್ಟೆ ಅಡ್ಡ ಹಿಡಿದು, “ನಾನು ಅಧ್ಯಕ್ಷ ಆಗಿರೋ ತನಕ ಅದರ ಮೈ ಮುಟ್ಟಂಗಿಲ್ಲ” ಎಂದರು. ಹಾಗಾಗಿ ಬಂದ ಟಗರುಗಳನ್ನೆಲ್ಲ ನನ್ನ ದೊಡ್ಡಪ್ಪನ ಮಂದೆಗೆ ಬಿಟ್ಟೆವು. ನಮ್ಮದು ತಲೆತಲಾಂತರದಿಂದ ಕುರಿ ಕಾಯುವ ಮನೆತನ. ನಾನು ತಂತಿ ಸುತ್ತಲು ಹೋದೆ, ದೊಡ್ಡಪ್ಪ ಕುರಿ ಬಿಡಲಿಲ್ಲ. ಟಗರುಗಳು ಅಲ್ಲಿ ಸುಖವಾಗಿ ಸಂಸಾರ ಮಾಡಿದವು. ನಮ್ಮ ಕ್ಲಬ್ಬಿನ ಏಳಿಗೆಯನ್ನು ಬೇರೆಯವರು ಕಪ್ಪುಗಳ ಕಪಾಟಿನಲ್ಲಿ ನೋಡಿದರೆ ನಾವು ದೊಡ್ಡಪ್ಪನ ಹಟ್ಟಿಯಲ್ಲಿ ನೋಡುತ್ತಿದ್ದೆವು. ದೊಡ್ಡಪ್ಪನನ್ನು ಉಪಾಧ್ಯಕ್ಷರನ್ನಾಗಿ ಮಾಡದೆ ಬೇರೆ ದಾರಿ ಇರಲಿಲ್ಲ.

ಆಮೇಲೆ ಬೆಂಗಳೂರಿನ ಲೀಗಿಗೆ ಸೇರಿಕೊಂಡೆವು. ಮ್ಯಾಚು ಶುಕ್ರವಾರ ಬಿದ್ದರೆ ನಮ್ಮ ಕಥೆ ಮುಗಿಯಿತು. ಬಸ್ಸಿನ ತುಂಬ ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನಕ್ಕೆ ಹೊರಟ ಹೆಂಗಸರು. ಕೊರಟಗೆರೆಯವರೆಗೆ ಇಡೀ ತಂಡ ಒಂಟಿ ಕಾಲಲ್ಲಿ ನಿಂತು ಹೋಗುತ್ತಿತ್ತು. ಬೆಂಗಳೂರಿನಲ್ಲಿ ನಮಗೊಬ್ಬ ಕೋಚು ಸಿಕ್ಕ. “ಬ್ಯಾಲೆನ್ಸ್ ಚೆನ್ನಾಗಿದೆ ನಿಮ್ಮ ಹುಡುಗರದು, ಯಾವ ಎಕ್ಸರ್‌ಸೈಜು?” ಎಂದು ಕೇಳಿದ. “ಸರ್ಕಾರಿ ಬಸ್ಸು” ಎಂದೆ.

ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಆಟಗಾರರಿಗೆ ಸಂಬಳ ಕೊಡುವ ಪ್ರೊಫೆಷನಲ್ ಡಿವಿಜನ್ನಿಗೆ ಬಂದೇಬಿಟ್ಟೆವು. ಆ ಡಿವಿಜನ್ನಿಗೆ ಒಂದು ನಿಯಮವಿತ್ತು. ಕ್ಲಬ್ಬಿಗೆ ತನ್ನದೇ ಊರಿನಲ್ಲಿ ಮೈದಾನ ಇರಬೇಕು, ಅದರಲ್ಲಿ ಹುಲ್ಲಿರಬೇಕು, ಲೀಗಿನವರು ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಮ್ಯಾಚುಗಳೆಲ್ಲ ಬೆಂಗಳೂರಿನಲ್ಲೇ.

ಕೋಚು ನನ್ನನ್ನು ಪಕ್ಕಕ್ಕೆ ಕರೆದ. “ಅಣ್ಣ, ಬೇಜಾರು ಮಾಡ್ಕೋಬೇಡಿ. ಈ ಸೀಸನ್ನಿಗೆ ಕೇರಳದಿಂದ ಹೊಸ ಕೀಪರ್ ಬರ್ತಿದ್ದಾನೆ. ಆದ್ರೆ ಊರಲ್ಲಿ ಆಗೋ ಮೊದಲನೇ ಮ್ಯಾಚ್ ನಿಮ್ಮದೇ. ಅದೊಂದು ಆಡಿ, ಆಮೇಲೆ ಅವನು ಆಡ್ಲಿ” ಎಂದ.

ನನಗೆ ಬೇಜಾರೇನೂ ಆಗಲಿಲ್ಲ. ಮಂಡಿಗಳು ಆಗಲೇ ತಮ್ಮ ರಾಜೀನಾಮೆ ಕೊಟ್ಟಾಗಿತ್ತು. ಆದರೆ ಆ ಒಂದು ಮ್ಯಾಚು ನನಗೆ ಬೇಕೇ ಬೇಕಿತ್ತು. ಕಾರಣ ನನ್ನ ಹೆಂಡತಿ. ಇಷ್ಟು ವರ್ಷದಲ್ಲಿ ಅವಳು ನಾನು ಆಡಿದ್ದನ್ನು ಒಂದು ಸಲವೂ ನೋಡಿರಲಿಲ್ಲ. ಸಂತೆ ಮಾಳದಲ್ಲಿ ಆಡುತ್ತಿದ್ದದ್ದು ಅವಳು ಹಾಲು ಕರೆಯುವ ಹೊತ್ತಿಗೆ. ಎರಡು ಎಮ್ಮೆ ಬಿಟ್ಟು ಬೆಂಗಳೂರಿಗೆ ಬರುವ ಹೆಂಗಸಲ್ಲ ಅವಳು, ಬರುವ ಆಸೆಯೂ ಇರಲಿಲ್ಲ. ಯಾರೋ ಗೋಲ್‌ಕೀಪರ್ ಎಂದರೇನೆಂದು ಅವಳಿಗೆ ವಿವರಿಸಿದಾಗ ನಕ್ಕಿದ್ದಳು. ಅವಳ ತವರು ತಿರುಮಣಿ. ಹೊಲಗಳನ್ನೆಲ್ಲ ಸೋಲಾರ್‌ಗೆ ಕೊಟ್ಟ ಊರು. “ನಮ್ಮೂರಾಗೆ ಪ್ಯಾನೆಲ್‌ಗಳೂ ದಿನಾ ಬಿಸಿಲಾಗೆ ನಿಂತ್ಕಂತವೆ ರೀ. ಆದ್ರೆ ಅವು ಕರೆಂಟ್ ಆದ್ರೂ ಕೊಡ್ತವೆ” ಎಂದಿದ್ದಳು. ನಾನು ನಗುತ್ತಲೇ ಕೇಳಿಸಿಕೊಂಡೆ. ಒಳಗೆ ಮಾತ್ರ ಚುರುಕ್ಕೆಂದಿತು. ಊರೆಲ್ಲ ಹೊಗಳಲಿ ಬಿಡಲಿ, ಈ ಒಬ್ಬಳು ನೋಡಬೇಕು, ಒಂದೇ ಒಂದು ಸಲ ನೋಡಬೇಕು ಎಂದು ನನಗೆ ಆಸೆ ಇತ್ತು. ಮಧುಗಿರಿಯಲ್ಲಿ ಮ್ಯಾಚಾದರೆ ಅವಳು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದಿತ್ತು. ಮೈದಾನ ಪಾಸಾಗದಿದ್ದರೆ ಆ ಮ್ಯಾಚೂ ಇಲ್ಲ, ನಾನೂ ಇಲ್ಲ.

ಮೈದಾನವೆಂದರೆ ಅಧ್ಯಕ್ಷರ ಮಿಲ್ಲಿನ ಹಿಂದಿನ ಬಯಲು. ಲೀಗಿನ ಸಾಹೇಬರು ಬಿಳಿ ಬೂಟು ಹಾಕಿಕೊಂಡು ಬಂದು ನೋಡಿದರು. ವಾಪಸು ಹೋಗುವಾಗ ಬೂಟು ಕೆಂಪಗಿತ್ತು. “ಹುಲ್ಲೆಲ್ಲಿ?” ಎಂದು ಕೇಳಿದರು. ಮಳೆ ಬಿದ್ದರೆ ಬರುತ್ತದೆ ಎಂದೆವು. “ಹಾಗಾದರೆ ಮಳೆ ಬಿದ್ದ ಮೇಲೆ ಬರುತ್ತೇನೆ” ಎಂದು ಹೋದರು.

ಅವತ್ತೇ ಮಿಲ್ಲಿನಲ್ಲಿ ಸಭೆ ಸೇರಿತು. ಅಧ್ಯಕ್ಷರು ಕಡಲೆ ಹಿಂಡಿ ಹಾಕೋಣ ಎಂದರು. ಕೋಚು ಬೆಂಗಳೂರಿನಿಂದ ಹುಲ್ಲಿನ ಚಾಪೆ ತರಿಸೋಣ ಎಂದ. ದೊಡ್ಡಪ್ಪ ಎದ್ದು ನಿಂತು ಕಂಬಳಿ ಕೊಡವಿದ.

“ಲೇ, ಹುಲ್ಲನ್ನ ಚಾಪೆ ಮಾಡಿ ತರ್ತಾರೇನ್ಲಾ ಯಾರಾರಾ? ನಮ್ಮವು ಅಷ್ಟು ಕುರಿ ಅವೆ. ಮಂದೆ ಹಾಕ್ಸಿ ಬುಡಾನ. ಹುಲ್ಲು ಹೆಂಗೆ ಬರಾಕಿಲ್ಲ ನಾನೂ ನೋಡ್ತೀನಿ.”

ನಮ್ಮ ಕಡೆ ಹೊಲಕ್ಕೆ ಗೊಬ್ಬರ ಬೇಕೆಂದರೆ ಕುರಿ ಮಂದೆ ಹಾಕಿಸುವುದು ವಾಡಿಕೆ. ರಾತ್ರಿಯಿಡೀ ಕುರಿಗಳನ್ನು ಹೊಲದಲ್ಲೇ ಕೂಡಿ ಹಾಕಿದರೆ ಬೆಳಗಾಗುವ ಹೊತ್ತಿಗೆ ಹಿಕ್ಕೆ ಬಿದ್ದಿರುತ್ತದೆ, ಗಂಜಲ ಇಂಗಿರುತ್ತದೆ. ಮರುದಿನ ಇನ್ನೊಂದು ಮೂಲೆಗೆ ಕೂಡುವುದು. ಎಲ್ಲರೂ ಕಂಡ ಪದ್ಧತಿ, ಎಲ್ಲರೂ ಹೌದೆಂದರು. ಕ್ಲಬ್ಬು ಗೆದ್ದ ಟಗರುಗಳೇ ಕ್ಲಬ್ಬಿನ ಮೈದಾನಕ್ಕೆ ಗೊಬ್ಬರ ಹಾಕುವುದೆಂದರೆ ಎಷ್ಟು ಚೆನ್ನ ಎಂದು ಅಧ್ಯಕ್ಷರಿಗೆ ಕಣ್ಣಲ್ಲಿ ನೀರು ಬಂತು. ಆ ಬೇಸಿಗೆಯಲ್ಲಿ ಮಂದೆ ಈ ಗೋಲಿನಿಂದ ಆ ಗೋಲಿನವರೆಗೆ ಒಂದು ಅಂಗುಲ ಜಾಗ ಬಿಡದೆ ಮಲಗೆದ್ದಿತು.

ಯಾರೂ ಯೋಚಿಸದಿದ್ದ ಸಂಗತಿ ಒಂದಿತ್ತು. ಬೇಸಿಗೆಯಲ್ಲಿ ಕುರಿಗಳು ಹಗಲೆಲ್ಲ ಏನು ತಿನ್ನುತ್ತವೆ? ಹಸಿರು ಎಲ್ಲಿದೆ? ಅವು ತಿನ್ನುವುದು ಬಳ್ಳಾರಿ ಜಾಲಿಯ ಕಾಯಿ. ಕಾಯಿ ಅರಗುತ್ತದೆ, ಒಳಗಿನ ಬೀಜ ಅರಗುವುದಿಲ್ಲ. ಹೊಲದಲ್ಲಾದರೆ ಹೇಗೂ ಉಳುತ್ತಾರೆ, ಹರಗುತ್ತಾರೆ, ಮೊಳಕೆ ಅಲ್ಲೇ ಸಾಯುತ್ತದೆ. ಫುಟ್‌ಬಾಲ್ ಮೈದಾನವನ್ನು ಯಾರು ಉಳುತ್ತಾರೆ?

ಮಳೆ ಬಿತ್ತು. ಹುಲ್ಲು ಬಂತು. ಎಂಥ ಹುಲ್ಲು ಅಂತೀರಿ! ಕೋಚು ಫೋಟೊ ತೆಗೆದು ಎಲ್ಲರಿಗೂ ಕಳಿಸಿದ. ಸ್ವಲ್ಪ ದಿನಕ್ಕೆ ಹುಲ್ಲಿನ ನಡುವೆ ಪುಟ್ಟ ಪುಟ್ಟ ಗಿಡಗಳು ತಲೆ ಎತ್ತಿದವು. “ಹೂವಿನ ಗಿಡ ಇರ್ಬೋದು” ಎಂದರು ಅಧ್ಯಕ್ಷರು. ಇನ್ನೊಂದು ಮಳೆಗೆ ಹೂವಿನ ಗಿಡಗಳಿಗೆ ಮುಳ್ಳು ಬಂತು. ಅವತ್ತು ಸಂಜೆ ಪ್ರಾಕ್ಟೀಸಿನಲ್ಲಿ ಮೊದಲ ಚೆಂಡು ಉಸ್ಸೆಂದಿತು. ಎರಡನೆಯದು ಉಸ್ಸೆಂದಿತು. ಮೂರನೆಯದನ್ನು ನಾನು ಹಾರಿ ಹಿಡಿದು ಕೆಳಗೆ ಬಿದ್ದೆ. ಚೆಂಡಿಗೆ ಏನೂ ಆಗಲಿಲ್ಲ, ಉಸ್ಸೆಂದವನು ನಾನು.

ಶಿರಾದವನು ಮೈದಾನದ ಪಕ್ಕ ಸೊಲ್ಯೂಷನ್ನು, ಅರ, ಕತ್ತರಿ ಹರಡಿಕೊಂಡು ಕೂತ. “ಅರೆ ಭಾಯ್, ಹೈವೇನಾಗೆ ಇಷ್ಟು ಪಂಕ್ಚರ್ ಸಿಕ್ಕಿದ್ರೆ ನಾನ್ಯಾಕೆ ಫುಟ್‌ಬಾಲ್ ಆಡೋಕೆ ಬರ್ತಿದ್ದೆ?” ಎಂದ.

ಎಲ್ಲರೂ ದೊಡ್ಡಪ್ಪನ ಮೇಲೆ ಬಿದ್ದರು. ದೊಡ್ಡಪ್ಪ ಸ್ವಲ್ಪವೂ ಅಲ್ಲಾಡಲಿಲ್ಲ. “ಹುಲ್ಲು ಬತ್ತದೆ ಅಂದೆ. ಬಂತೋ ಇಲ್ವೋ? ಅದ್ರ ಜತೇಲಿ ಅದೂ ಬಂತು. ಬರಬ್ಯಾಡ ಅನ್ನಾಕಾಯ್ತದಾ?” ಎಂದು ಕಂಬಳಿ ಹೊದ್ದುಕೊಂಡ.

ಸಾಹೇಬರು ಆ ವಾರದ ಕೊನೆಗೆ ಬರುವುದೆಂದು ಗೊತ್ತಾಗಿತ್ತು. ಹತ್ತು ಹನ್ನೆರಡು ಜನ ಆಟಗಾರರು ಗಿಡ ಕೀಳಲು ಹೋದೆವು. ಜಾಲಿಯನ್ನು ಕೈಯಲ್ಲಿ ಹಿಡಿದು ಎಳೆದರೆ ಮೇಲಿನದು ಕೈಗೆ ಬರುತ್ತದೆ, ಬೇರು ಅಲ್ಲೇ ಕೂತು ನಗುತ್ತದೆ. ಕೋಚು ಕೈಗೆ ನನ್ನ ಗ್ಲೌಸು ಹಾಕಿಕೊಂಡು ಒಂದು ಗಿಡದ ಜೊತೆ ಕುಸ್ತಿ ಆಡುತ್ತಿದ್ದ. ಸಂಜೆಯಾದರೂ ಗೋಲಿನ ಮುಂದಿನ ಜಾಗವೇ ಮುಗಿಯಲಿಲ್ಲ. ಮನೆಗೆ ಬಂದು ಸುಮ್ಮನೆ ಜಗಲಿಯ ಮೇಲೆ ಕೂತೆ. ನನ್ನ ಮ್ಯಾಚು ಹೋಯಿತು ಎಂದು ನಿಜವಾಗಿಯೂ ದುಃಖವಾಯಿತು. ಹೆಂಡತಿ ನನ್ನ ಅಂಗೈ ನೋಡಿದಳು, ಮುಖ ನೋಡಿದಳು. ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿ ವಿಷಯ ತಿಳಿದುಕೊಂಡಳು.

ಮರುದಿನ ಬೆಳಗ್ಗೆ ಮೈದಾನಕ್ಕೆ ಒಂದು ಟೆಂಪೋ ಬಂತು. ಅದರಿಂದ ನನ್ನ ಹೆಂಡತಿಯೂ ಅವಳ ಜೊತೆ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವ ಹೆಂಗಸರೂ ಇಳಿದರು. ಸೆರಗು ಸಿಕ್ಕಿಸಿ, ಗೋಲಿನ ಗೆರೆಯ ಮೇಲೆ ಸಾಲಾಗಿ ಕುಕ್ಕುರುಗಾಲಲ್ಲಿ ಕೂತು, ಕಳೆ ತೆಗೆಯುವ ಕುರ್ಚಿಗೆ ಹಿಡಿದು ಬೇರು ಸಮೇತ ಕೆದಕುತ್ತಾ ಮುಂದೆ ಸರಿದರು. ಅತ್ತೆ ಸೊಸೆಯರ ಸುದ್ದಿ ಈ ಗೋಲಿನಲ್ಲಿ ಶುರುವಾಗಿ ನಡುಗೆರೆ ದಾಟುವ ಹೊತ್ತಿಗೆ ಮೂರು ಮನೆ ಒಡೆದಿದ್ದವು. ನಮ್ಮ ಆಟಗಾರರು ಕಿತ್ತ ಗಿಡ ಹೊರುವ ಕೆಲಸಕ್ಕೆ ನಿಂತರು. ಅಧ್ಯಕ್ಷರು ಚಿತ್ರಾನ್ನ, ಮಜ್ಜಿಗೆ ತರಿಸಿ ತಾವೇ ಬಡಿಸಿದರು. ನಾಲ್ಕು ತಾಲೂಕಿನ ಬೆಂಬಲಿಗರೂ ಬಂದು ಸೇರಿಕೊಂಡರು, ಯಾವ ತಾಲೂಕಿನವರು ಜಾಸ್ತಿ ಕಿತ್ತರು ಎಂದು ಜಗಳ ಆಡುವುದಕ್ಕಾದರೂ.

ಸಾಹೇಬರು ಬಂದರು. ಮೈದಾನ ಸುತ್ತಿದರು, ಟೇಪು ಹಿಡಿದು ಅಳೆದರು, ಹುಲ್ಲಿನ ಮೇಲೆ ಕೈಯಾಡಿಸಿದರು. “ಬಹಳ ಒಳ್ಳೇ ಹುಲ್ಲು. ಏನು ಗೊಬ್ಬರ ಹಾಕಿದ್ರಿ?” ಎಂದರು.  ಅವರು ಬಗ್ಗಿ ಒಂದು ಕರಿ ಗುಳಿಗೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹಿಚುಕಿ ಮೂಸಿದರು. “ಇದೇನಿದು?”

“ಆರ್ಗ್ಯಾನಿಕ್ ಸಾರ್” ಎಂದರು ಅಧ್ಯಕ್ಷರು.

ಮೈದಾನ ಪಾಸಾಯಿತು.

ಮ್ಯಾಚಿನ ದಿನ ಮಧುಗಿರಿಯಲ್ಲಿ ಇಷ್ಟೊಂದು ಜನ ಇದ್ದಾರೆಯೇ ಎನ್ನಿಸಿತು. ಬೆಟ್ಟದ ನೆರಳು ಬೀಳುವ ಕಡೆಗೆ ಕೂರಲು ನೂಕುನುಗ್ಗಲು. ನನ್ನ ಹೆಂಡತಿ ಮಾತ್ರ ಬಿಸಿಲಿಗೆ ಕೊಡೆ ಬಿಡಿಸಿಕೊಂಡು ನೇರ ನನ್ನ ಗೋಲಿನ ಹಿಂದೆ ಬಂದು ಕೂತಳು.  ಇವತ್ತು ಇವಳಿಗೆ ತೋರಿಸುತ್ತೇನೆ, ಹಾರಿ ಹಾರಿ ಹಿಡಿಯುತ್ತೇನೆ ಎಂದುಕೊಂಡೆ.

ಆದರೆ ಅವತ್ತು ನಮ್ಮ ತಂಡಕ್ಕೆ ಏನು ಬಂದಿತ್ತೋ. ಹುಟ್ಟಿದಾಗಿನಿಂದ ಹಾಗೆ ಆಡಿರಲಿಲ್ಲ. ಚೆಂಡು ಎದುರಾಳಿಗಳ ಕಡೆಯೇ. ಶಿರಾದವನು ಒಂದು ಗೋಲು ಹೊಡೆದ, ಇನ್ನೊಂದು ಹೊಡೆದ. ಜನ ಕುಣಿದರು. ನಾನೊಬ್ಬನೇ ಕಂಬಗಳ ನಡುವೆ ಕೈ ಕಟ್ಟಿಕೊಂಡು ನಿಂತಿದ್ದೆ.

“ರೀ, ಚೆಂಡು ಆ ಕಡೇನೇ ಐತಲ್ಲ?” ಹಿಂದಿನಿಂದ ಹೆಂಡತಿಯ ದನಿ.

“ಮಾತಾಡಬೇಡ. ಆಡ್ತಾ ಇದೀನಿ.”

“ಏನಾಡ್ತಿದ್ದೀರಿ?”

  ಅರ್ಧ ಆಟ ಮುಗಿದು ಗೋಲುಗಳನ್ನು ಅದಲುಬದಲು ಮಾಡಿದಾಗ ಅವಳು ಕೊಡೆ ಎತ್ತಿಕೊಂಡು ಇಡೀ ಮೈದಾನ ಸುತ್ತಿ ಬಂದು ಆ ಕಡೆಯ ಗೋಲಿನ ಹಿಂದೆ ಕೂತಳು.  ಇಷ್ಟಾದರೂ ಚೆಂಡಿಗೆ ಕರುಣೆ ಬರಲಿಲ್ಲ. ನಮ್ಮ ತಂಡ ಮೂರನೇ ಗೋಲು ಹೊಡೆದಾಗ ನನ್ನ ತಂಡದವರನ್ನೇ ಮನಸ್ಸಿನಲ್ಲಿ ಬೈದುಕೊಂಡೆ.

ಭಾಮೈದ ಹಿಂದೆ ಹಿಂದೆ ಸರಿದು ನನ್ನ ಹತ್ತಿರ ಬಂದ. “ಬಾವ, ಒಂದೇ ಒಂದು ಬಿಡ್ಲಾ? ಅಕ್ಕ ಅಷ್ಟೊತ್ತಿಂದ ಸುಮ್ನೆ ಕೂತವ್ಳೆ, ಪಾಪಂ.”

ಬೇಡ ಎನ್ನಲು ಬಾಯಿ ತೆರೆದೆ. ತೆರೆದವನು ಹಿಂತಿರುಗಿ ಕೊಡೆಯ ಕಡೆ ನೋಡಿದೆ.

ಅವನು ಅದನ್ನೇ ಒಪ್ಪಿಗೆ ಎಂದುಕೊಂಡ. ಮುಂದಿನ ಸಲ ಎದುರಾಳಿಗಳ ಒಬ್ಬ ಹುಡುಗ ಚೆಂಡು ತಂದಾಗ ನನ್ನ ಭಾಮೈದ ಕಾಲಿನ ಲೇಸು ಕಟ್ಟಿಕೊಳ್ಳಲು ಕೂತುಬಿಟ್ಟ. ಹುಡುಗ ಒಬ್ಬನೇ, ನಾನೊಬ್ಬನೇ. ಎಡಕ್ಕೆ ಹಾರಲೋ ಬಲಕ್ಕೆ ಹಾರಲೋ ಎಂದು ಲೆಕ್ಕ ಹಾಕುತ್ತಿರುವಾಗಲೇ ಅವನು ಒದ್ದ. ನಾನು ಎಲ್ಲಿಗೂ ಹಾರಲಿಲ್ಲ. ಚೆಂಡು ಬಂದು ನೇರ ನನ್ನ ಮೂಗಿಗೆ ಬಡಿದು, ಮೇಲಿನ ಅಡ್ಡಕಂಬ ದಾಟಿ ಹೊರಗೆ ಹೋಯಿತು. ನಾನು ಅಂಗಾತ ಬಿದ್ದೆ. ಜನರ ಕೂಗು ಬೆಟ್ಟಕ್ಕೆ ತಾಗಿ ವಾಪಸು ಬಂತು.

ಕಣ್ಣು ಬಿಟ್ಟಾಗ ಕೊಡೆ ಕಂಡಿತು. ಹೆಂಡತಿ ಮೈದಾನದೊಳಗೇ ಬಂದು ನನ್ನ ಮೂಗಿಗೆ ಸೆರಗು ಒತ್ತಿ ಕೂತಿದ್ದಳು. ರೆಫ್ರಿ ಸೀಟಿ ಊದುತ್ತಾ ಓಡಿಬಂದ. “ಯಾರಿವರು? ಒಳಗೆ ಯಾಕೆ ಬಂದ್ರು?”

“ಟೀಮ್ ಡಾಕ್ಟ್ರು” ಎಂದರು ಅಧ್ಯಕ್ಷರು ಗೆರೆಯಾಚೆಯಿಂದ. ಸುಳ್ಳು ಹೇಳುವುದರಲ್ಲಿ ಅಷ್ಟು ಹೊತ್ತಿಗೆ ಪಳಗಿದ್ದರು.

ಒದ್ದ ಹುಡುಗ ಹೆದರಿಕೊಂಡು ಹತ್ತಿರ ಬಂದು “ಸಾರಿ ಆಂಟಿ” ಎಂದ. “ಮಕಕ್ಕೆ ಒದೀತಾರೇನಪ್ಪ, ದೇವುಡಾ! ಅಷ್ಟು ಅಗಲ ಜಾಗ ಖಾಲಿ ಇತ್ತಲ್ಲ ಆ ಕಡೆ” ಎಂದು ಅವನನ್ನು ತರಾಟೆಗೆ ತೆಗೆದುಕೊಂಡಳು. ಅಷ್ಟರಲ್ಲಿ ಕೋಚು ಸನ್ನೆ ಮಾಡಿದ. ಕೇರಳದ ಹೊಸ ಕೀಪರ್ ಗ್ಲೌಸು ಹಾಕಿಕೊಂಡು, ಮೈ ಬಿಸಿ ಮಾಡಿಕೊಂಡು ಒಳಗೆ ಬರಲು ನಿಂತ. ನನ್ನ ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀನ್ಯಾರಪ್ಪ? ಹೋಗಿ ಕೂತ್ಕೊ. ನಮ್ಮನೆಯವ್ರು ಇನ್ನೂ ಆಡ್ತಾರೆ.”

ಅವನಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಹೋಗಿ ಕೂತ. ಮೂಗಿಗೆ ಹತ್ತಿ ತುರುಕಿಕೊಂಡು ಆಟ ಮುಗಿಯುವವರೆಗೂ ನಾನೇ ನಿಂತೆ. ಇನ್ನೊಂದು ಚೆಂಡೂ ನನ್ನ ಹತ್ತಿರ ಬರಲಿಲ್ಲ. ಬರದಿದ್ದದ್ದು ಒಳ್ಳೆಯದಾಯಿತು, ಯಾಕೆಂದರೆ ಕಣ್ಣು ಮಂಜಾಗಿ ನನಗೆ ಏನೂ ಕಾಣುತ್ತಿರಲಿಲ್ಲ.

ಸಂಜೆ ಎಮ್ಮೆ ಕರೆದು ಬಂದು ಅವಳು ನನ್ನ ಮೂಗಿಗೆ ಅರಿಸಿನ ಹಚ್ಚಿದಳು. “ಮತ್ತೆ ಯಾವತ್ತು ಮ್ಯಾಚು?” ಎಂದಳು. ಮುಂದಿನ ಭಾನುವಾರ, ಆದರೆ ನಾನು ಆಡುವುದಿಲ್ಲ, ಇನ್ನು ಮೇಲೆ ಅವನೇ ಆಡುವುದು ಎಂದೆ.  “ಹಂಗಾ?” ಎಂದಷ್ಟೇ ಹೇಳಿ ಒಳಗೆ ಹೋದಳು.

ಕ್ಲಬ್ಬು ಆಮೇಲೆ ಇನ್ನೂ ಮೇಲೆ ಹೋಗಿದೆ. ಅನಂತಪುರದ ಕಡೆಯಿಂದಲೂ ಜನ ಗಾಡಿ ಮಾಡಿಕೊಂಡು ಬರುತ್ತಾರೆ. ಕೇರಳದವನು ಚೆನ್ನಾಗಿ ಆಡುತ್ತಾನೆ, ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಾನೆ. ನಾನು ಪ್ರತಿ ಮ್ಯಾಚಿಗೂ ಹೋಗುತ್ತೇನೆ. ಹೊರಡುವಾಗ ಪ್ರತಿ ಸಲವೂ “ಬಾರೇ, ಅಧ್ಯಕ್ಷರು ನಿನಗೂ ಪಾಸು ಕೊಟ್ಟಿದ್ದಾರೆ” ಎಂದು ಕರೆಯುತ್ತೇನೆ. ಅವಳು ಪಾಸನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಾಳೆ.

“ನೀವು ಹೋಗ್ ಬರ್ರಿ. ನಾನು ನೋಡ್ಬೇಕಾದ್ದು ನೋಡಿ ಆಗೈತೆ” ಎನ್ನುತ್ತಾಳೆ.